ಕೆಡಲ್‌ಸ್ಟನ್ ಮಹಲಿನ ಜಮಾ-ಖರ್ಚು

(ಕಾರ್ಮಿಕರ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)

ಕಳೆದ ವಾರ ಇಲ್ಲಿ ಒಬ್ಬರು ಕೇಳಿದರು: “ಮಾಸ್ತರೇ, ಇಂಗ್ಲೆಂಡಿನ ಜಮೀನುದಾರನ ಮನೆಯ ಕಥೆ ಕಟ್ಟಿಕೊಂಡು ನಮಗೇನು?” ಪ್ರಶ್ನೆ ಸರಿಯಾದದ್ದೇ. ನಿಮ್ಮಲ್ಲಿ ಅಂಗಡಿಯವರಿದ್ದೀರಿ, ರೋಕಡಿ ಪುಸ್ತಕ ಓದಬಲ್ಲಿರಿ. ಗಿರಣಿಯವರಿದ್ದೀರಿ, ಹಾಜರಿ ಪಟ್ಟಿಯ ಬೆಲೆ ಬಲ್ಲಿರಿ. ಈ ಎರಡು ಪುಸ್ತಕಗಳನ್ನು ಕೈಯಲ್ಲಿ ಹಿಡಿದು ಇಂದು ಒಂದು ಮಹಲಿನೊಳಗೆ ಹೋಗಿಬರೋಣ.

ಡರ್ಬಿ ಪಟ್ಟಣದ ಹತ್ತಿರ ಕೆಡಲ್‌ಸ್ಟನ್ ಎಂಬ ಮಹಲು ಇದೆ. ಕರ್ಜನ್ ಮನೆತನದವರು ನೂರಾರು ವರ್ಷಗಳಿಂದ ಅಲ್ಲಿಯ ಜಮೀನುದಾರರು. 1758ರಲ್ಲಿ ಆಸ್ತಿ ಕೈಗೆ ಬಂದ ನಥಾನಿಯಲ್ ಕರ್ಜನ್ ಮರುವರ್ಷವೇ ಹೊಸ ಮಹಲಿಗೆ ಕೈಹಾಕಿದ. ರಾಬರ್ಟ್ ಆಡಮ್ ಎಂಬ ಪ್ರಸಿದ್ಧ ಶಿಲ್ಪಿ ಅದರ ಹೊಣೆ ಹೊತ್ತ. ಮಹಲಿನ ಸುತ್ತ ಉದ್ಯಾನ ಬೇಕಾಯಿತು. ಉದ್ಯಾನಕ್ಕೆ ಊರು ಅಡ್ಡ ಬಂತು. ಊರನ್ನೇ ಎತ್ತಿ ಬೇರೆ ಕಡೆಗೆ ಸಾಗಿಸಿದರು. ಹೆದ್ದಾರಿಯನ್ನೂ ತಿರುಗಿಸಿದರು. ಹಳೆಯ ಊರಿನ ಗುರುತಾಗಿ ಉಳಿದದ್ದು ಚರ್ಚು ಒಂದೇ. ಅದು ಇಂದಿಗೂ ಮಹಲಿನ ಪಕ್ಕದಲ್ಲೇ ನಿಂತಿದೆ, ಸುತ್ತ ಒಂದು ಗುಡಿಸಲೂ ಇಲ್ಲ.

ಮಹಲಿನ ನಡುಭಾಗ ಇರುವುದು ವಾಸಕ್ಕಲ್ಲ, ತೋರಿಕೆಗೆ. 20 ಅಲಬಾಸ್ಟರ್ ಕಂಬಗಳ ಹಜಾರ, ಗೋಡೆ ತುಂಬ ವರ್ಣಚಿತ್ರಗಳು, ವಿಗ್ರಹಗಳು. ಮನೆಯವರು ವಾಸವಿದ್ದದ್ದು ಪಕ್ಕದ ರೆಕ್ಕೆಯಲ್ಲಿ. ನೋಡಲು ಬಂದವರಿಗೆ ಮನೆವಾರ್ತೆಯ ಗಾರ್ನೆಟ್ ಎಂಬ ಹೆಂಗಸು ಎಲ್ಲವನ್ನೂ ತೋರಿಸುತ್ತಿದ್ದಳು. 1777ರಲ್ಲಿ ಪಂಡಿತ ಸ್ಯಾಮ್ಯುಯೆಲ್ ಜಾನ್ಸನ್ ಬಂದು ನೋಡಿದ. ಅವನಿಗೆ ಮೆಚ್ಚಿಗೆಯಾಗಲಿಲ್ಲ. ಕಂಬದ ಹಜಾರದಲ್ಲಿ ನ್ಯಾಯಾಧೀಶರು ಕೂರಬಹುದು, ಮೇಲಿನ ಕೋಣೆಯಲ್ಲಿ ಕೈದಿಗಳನ್ನು ಇಡಬಹುದು ಎಂಬ ಅರ್ಥದ ಮಾತಾಡಿದ!

ಇನ್ನು ಖರ್ಚಿನ ಪುಟಕ್ಕೆ ಬನ್ನಿ. ನಕ್ಷೆಯಲ್ಲಿ ನಾಲ್ಕು ರೆಕ್ಕೆಗಳಿದ್ದವು. ಕಟ್ಟಿದ್ದು ಎರಡೇ. ಡರ್ಬಿಶೈರಿನ ಒಕ್ಕಲುಗಳ ಗೇಣಿಯಿಂದ ನಾಲ್ಕು ರೆಕ್ಕೆ ಏಳಲಿಲ್ಲ.

ಹಾಗಾದರೆ ಆ ನಕ್ಷೆ ಎಲ್ಲಿ ಪೂರ್ತಿಯಾಯಿತು? ಕಲ್ಕತ್ತೆಯಲ್ಲಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ. ಆ ಯುದ್ಧ ನಡೆಸಿದ ಗವರ್ನರ್ ಜನರಲ್ ವೆಲ್ಲೆಸ್ಲಿ ಅದೇ ವರ್ಷ ಕಲ್ಕತ್ತೆಯಲ್ಲಿ ತನಗೊಂದು ಸರ್ಕಾರಿ ಭವನದ ಕೆಲಸ ಆರಂಭಿಸಿದ. ಚಾರ್ಲ್ಸ್ ವ್ಯಾಟ್ ಎಂಬ ಅಧಿಕಾರಿ ಕೆಡಲ್‌ಸ್ಟನ್ನಿನ ಮಾದರಿಯನ್ನೇ ಹಿಡಿದ. 1803ರ ಹೊತ್ತಿಗೆ ನಾಲ್ಕೂ ರೆಕ್ಕೆಗಳು ಎದ್ದು ನಿಂತವು. ಖರ್ಚು 60 ಸಾವಿರ ಪೌಂಡಿಗೂ ಮಿಕ್ಕಿತು. ಲಂಡನ್ನಿನ ಕಂಪನಿ ಯಜಮಾನರೇ ಈ ದುಂದಿಗೆ ಸಿಟ್ಟಾದರು. ಅವರ ಸಿಟ್ಟು ತಮ್ಮ ಲಾಭ ಕರಗಿತೆಂದು. ತೆರಿಗೆ ತೆತ್ತ ರೈತನ ಸಿಟ್ಟನ್ನು ಯಾರೂ ಕೇಳಲಿಲ್ಲ.

ನೂರು ವರ್ಷದ ಮೇಲೆ ಕಥೆ ತಿರುಗಿ ಅದೇ ಮನೆತನಕ್ಕೆ ಬಂತು. ಕೆಡಲ್‌ಸ್ಟನ್ನಿನಲ್ಲಿ 1859ರಲ್ಲಿ ಹುಟ್ಟಿದ ಜಾರ್ಜ್ ನಥಾನಿಯಲ್ ಕರ್ಜನ್ 1899ರಲ್ಲಿ ವೈಸರಾಯ್ ಆಗಿ ಬಂದ. ಕಲ್ಕತ್ತೆಯಲ್ಲಿ ತನ್ನ ಮನೆಯ ನಕಲಿನಲ್ಲೇ ವಾಸ ಮಾಡಿದ. 1902ರ ಆಗಸ್ಟಿನಲ್ಲಿ ಮೈಸೂರಿಗೆ ಬಂದು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಅಧಿಕಾರ ಒಪ್ಪಿಸಿದವನೂ ಇವನೇ. 1905ರಲ್ಲಿ ಬಂಗಾಳವನ್ನು ಸೀಳಿದವನೂ ಇವನೇ. ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು: ಪ್ರಾಚೀನ ಸ್ಮಾರಕಗಳನ್ನು ಕಾಪಾಡುವ 1904ರ ಕಾನೂನು ಇವನ ಕಾಲದ್ದು.

1899-1900ರಲ್ಲಿ ದೇಶದ ದೊಡ್ಡ ಭಾಗ ಕ್ಷಾಮದಿಂದ ನರಳಿತ್ತು. 1903ರ ಜನವರಿಯಲ್ಲಿ ದಿಲ್ಲಿಯಲ್ಲಿ ದರ್ಬಾರು ನಡೆಯಿತು. ಅಲ್ಲಿ ಅವನ ಪತ್ನಿ ಮೇರಿ ತೊಟ್ಟ ಉಡುಪು ಇಂದು ಕೆಡಲ್‌ಸ್ಟನ್ನಿನಲ್ಲಿದೆ. ಬಟ್ಟೆಯ ತುಂಬ ಜರತಾರಿಯ ನವಿಲುಗರಿ, ಪ್ರತಿ ಗರಿಯ ಕಣ್ಣಿಗೂ ಹಸಿರು ಹೊಳಪಿನ ಜೀರುಂಡೆ ರೆಕ್ಕೆ. ಕಸೂತಿ ಮಾಡಿದ ಕೈ ನಮ್ಮ ದೇಶದ್ದು. ಉಡುಪಾಗಿ ಹೊಲಿದದ್ದು ಪ್ಯಾರಿಸಿನ ವರ್ತ್ ಅಂಗಡಿ. ಹೆಸರು ಮಾತ್ರ ಲೇಡಿ ಕರ್ಜನ್ನಳದು.

ನಾನು ಶಾಲೆಯಲ್ಲಿದ್ದಾಗ ಈ ಉಡುಪಿನ ಚಿತ್ರವನ್ನು ಮಕ್ಕಳಿಗೆ ತೋರಿಸಿದ್ದೆ. ತಾಯಿ ಕೂಲಿಗೆ ಕಸೂತಿ ಹಾಕುತ್ತಿದ್ದ ಒಬ್ಬ ಹುಡುಗಿ ಎದ್ದು ಕೇಳಿದಳು: “ಸಾರ್, ಒಂದು ಗರಿಗೆ ಎಷ್ಟು ಕೂಲಿ ಕೊಟ್ಟರು?” ನಾನು ಇಸವಿಗಳನ್ನೆಲ್ಲ ಬಾಯಿಪಾಠ ಮಾಡಿದ್ದೆ. ಈ ಪ್ರಶ್ನೆ ನನಗೇ ಎಂದೂ ಹೊಳೆದಿರಲಿಲ್ಲ. “ಕೂತುಕೋ” ಎಂದೆ. ಅವಳು ಕೂತಳು. ಆ ನಾಚಿಕೆ ನನ್ನನ್ನು ಬಿಡಲಿಲ್ಲ.

ಕರ್ಜನ್ 1925ರಲ್ಲಿ ತೀರಿಕೊಂಡ. ಅವನು ಪೂರ್ವದೇಶಗಳಲ್ಲಿ ಕೂಡಿಸಿದ ಸಾಮಾನುಗಳು ಕೆಡಲ್‌ಸ್ಟನ್ನಿನ ವಸ್ತುಸಂಗ್ರಹಾಲಯಕ್ಕೆ ಬಂದವು. ಎಲ್ಲವೂ ಲೂಟಿಯೆಂದು ನಾನು ಹೇಳುವುದಿಲ್ಲ. ಕೊಂಡವು ಇವೆ, ಕಾಣಿಕೆಯಾಗಿ ಬಂದವು ಇವೆ. ಆದರೆ ಅಂಗಡಿಯವರಿಗೆ ಬಿಡಿಸಿ ಹೇಳಬೇಕೇ? ಹಿಂದೆ ಅಮಲ್ದಾರರು ಅಂಗಡಿಗೆ ಬಂದು ಒಂದು ಸಾಮಾನು ಮುಟ್ಟಿ “ಚೆನ್ನಾಗಿದೆಯಲ್ಲ” ಎಂದರೆ ಅದು ಮಾರಾಟವೇ, ಕಾಣಿಕೆಯೇ, ದಂಡವೇ? ಯಾವ ಕಾಲಮಿನಲ್ಲಿ ಬರೆಯುತ್ತೀರಿ?

1987ರಲ್ಲಿ ಮಹಲು ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಸೇರಿತು. ಅದಕ್ಕೆ ಸಾರ್ವಜನಿಕ ಹಣದ ನೆರವೂ ದೊರೆಯಿತು. ಹಿಂದೆ ಗೇಣಿ ತೆತ್ತ ಜನರ ಮೊಮ್ಮಕ್ಕಳು ಈಗ ಅದರ ದುರಸ್ತಿಗೂ ತೆತ್ತರೆಂದಾಯಿತು. 2020ರಲ್ಲಿ ಅದೇ ಟ್ರಸ್ಟ್ ತನ್ನ ವಶದಲ್ಲಿರುವ 93 ಸ್ಥಳಗಳಿಗೆ ವಸಾಹತು ಆಳ್ವಿಕೆಯೊಡನೆ ಮತ್ತು ಗುಲಾಮಗಿರಿಯೊಡನೆ ಇದ್ದ ನಂಟನ್ನು ವರದಿಯಾಗಿ ಪ್ರಕಟಿಸಿತು. ಕೂಡಲೇ ಗದ್ದಲವೆದ್ದಿತು. ಅಂದಚೆಂದ ನೋಡಲು ಬಂದವರಿಗೆ ಹಳೆಯ ಲೆಕ್ಕವೇಕೆ ಎಂದರು ಕೆಲವರು. ಯಾವ ಸಾಹುಕಾರನಿಗೆ ಲೆಕ್ಕ ತೆಗೆದರೆ ಸಿಟ್ಟು ಬರುತ್ತದೆಂಬುದು ನಮಗೆ ಗೊತ್ತಿಲ್ಲದ್ದೇನಲ್ಲ.

ಮಿತ್ರರೇ, ಮಹಲನ್ನು ಕೆಡವಿರೆಂದು ನಾವು ಹೇಳುವವರಲ್ಲ. ಕಂಬ ಕಡೆದ ಕೈ, ಗರಿ ನೇಯ್ದ ಕೈ ದುಡಿಯುವವರದೇ. ಅವರ ಕೆಲಸ ಉಳಿಯಲಿ. ಆದರೆ ಕಂಬದ ಎತ್ತರ ಬರೆದಲ್ಲಿ ಅದಕ್ಕೆ ತೆತ್ತವರಾರೆಂದೂ ಬರೆಯಲಿ. ಒಡೆಯನ ಹೆಸರಿದ್ದಲ್ಲಿ ಕೂಲಿಯ ಲೆಕ್ಕವೂ ಇರಲಿ. ಇನ್ನು ಮುಂದೆ ಯಾವ ಅರಮನೆಗೆ ಹೋದರೂ, ಯಾವ ಗಾಜಿನ ಪೆಟ್ಟಿಗೆಯ ಮುಂದೆ ನಿಂತರೂ ಆ ಹುಡುಗಿಯ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿ. ನಿಮ್ಮನ್ನು ಯಾರಾದರೂ “ಕೂತುಕೋ” ಎಂದರೆ, ಕೂರಬೇಡಿ.