ಹೊಲದ ಅಗಲವನ್ನು ಸಮಪಾಲು ಮಾಡುವುದು ಹೇಗೆ?



ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಕೆಂಪು ಭೂಮಿಯಲ್ಲಿ ಮುಂಗಾರಿನ ಮುಖ್ಯ ಬೆಳೆ ಶೇಂಗಾ. ಮಳೆ ಕೈಕೊಟ್ಟ ವರ್ಷ ತೊಗರಿಯಾದರೂ ಕೈ ಹಿಡಿಯಲೆಂದು ನಡುನಡುವೆ ಅಕ್ಕಡಿ ಸಾಲು ಹಾಕುವುದುಂಟು. ಈ ಸಾಲುಗಳು ಕಣ್ಣಂದಾಜಿನಲ್ಲಿ ಬಿದ್ದರೆ ಒಂದು ಕಡೆ ಒತ್ತಾಗಿ ಶೇಂಗಾಕ್ಕೆ ನೆರಳು, ಇನ್ನೊಂದು ಕಡೆ ಜಾಗ ದಂಡ.

ಬದುವಿನಿಂದ ಬದುವಿಗೆ 64 ಮೀಟರ್ ಅಗಲದ ಹೊಲವನ್ನು ತೆಗೆದುಕೊಳ್ಳೋಣ. ಟೇಪು ಇಲ್ಲದವರು ಹೆಜ್ಜೆಯಿಂದಲೇ ಅಳೆಯಬಹುದು: 20 ಮೀಟರಿಗೆ 30 ಹೆಜ್ಜೆ ಹಾಕುವವರಿಗೆ ಈ ಹೊಲ 96 ಹೆಜ್ಜೆ. ಸಾಲಿನಿಂದ ಸಾಲಿಗೆ 30 ಸೆಂ.ಮೀ., ಅಂದರೆ ಸುಮಾರು ಒಂದಡಿ. ಎಂಟು ಸಾಲು ಶೇಂಗಾಕ್ಕೆ ಒಂದು ಸಾಲು ತೊಗರಿ ಹಾಕುವವರಿಗೆ ಒಂದು ಪಟ್ಟಿಯ ಅಗಲ 2.7 ಮೀಟರ್.

ಭಾಗಿಸುವ ಮೊದಲು ಅಂದಾಜು ಮಾಡಿ. ಪಟ್ಟಿ 3 ಮೀಟರ್ ಇದ್ದಿದ್ದರೆ 21 ಆಗುತ್ತಿದ್ದವು. ಆದ್ದರಿಂದ ಉತ್ತರ ಅದಕ್ಕಿಂತ ಸ್ವಲ್ಪ ಹೆಚ್ಚು. ಲೆಕ್ಕ ಹಾಕಿದರೆ 23 ಪಟ್ಟಿಗೆ 62.1 ಮೀಟರ್ ಹೋಗಿ 1.9 ಮೀಟರ್ ಉಳಿಯುತ್ತದೆ. ಈ ತುಂಡನ್ನು ಬದುವಿನ ಪಕ್ಕಕ್ಕೆ ತಳ್ಳುವ ಬದಲು 24 ಪಟ್ಟಿ ಮಾಡಿದರೆ ಒಂದೊಂದಕ್ಕೆ ಸುಮಾರು 2.67 ಮೀಟರ್. ಕಡಿಮೆಯಾದದ್ದು 3 ಸೆಂ.ಮೀ. ಮಾತ್ರ. ಇದಕ್ಕಾಗಿ ಕೂರಿಗೆಯ ತಾಳು ಬದಲಿಸಬೇಕಿಲ್ಲ. ಪಟ್ಟಿಗೊಮ್ಮೆ, ಕೂರಿಗೆ ತಿರುಗಿಸುವಾಗ ಎರಡು ಬೆರಳಗಲ ಒಳಕ್ಕೆ ಹಿಡಿದರೆ ಸಾಕು.

ಗುರುತು ಹಾಕುವಾಗ ಒಂದು ಬದುವಿನಿಂದ ಕೋಲು ಇಡುತ್ತಾ ಹೋಗುವುದೇ ರೂಢಿ. ತಪ್ಪಾಗುವುದೂ ಅಲ್ಲೇ. ಪ್ರತಿ ಸಲ 5 ಸೆಂ.ಮೀ. ಜಾರಿದರೆ 24ನೆಯ ಪಟ್ಟಿಗೆ ಬರುವಷ್ಟರಲ್ಲಿ 120 ಸೆಂ.ಮೀ.; ನಾಲ್ಕು ಸಾಲಿನ ಜಾಗ!

ಅದಕ್ಕೆ ಬದಲಾಗಿ ಹೊಲದಗಲದ ಹಗ್ಗವನ್ನು ಮೂರು ಸಲ ಅರ್ಧಕ್ಕೆ ಮಡಿಸಿ: 32, 16, 8 ಮೀಟರ್. ಮಡಿಕೆಗಳಿಗೆ ಬಟ್ಟೆಚೂರು ಕಟ್ಟಿ, ಹಗ್ಗವನ್ನು ಮತ್ತೆ ಬಿಗಿಯಾಗಿ ಎಳೆದು, ಆ ಗುರುತುಗಳಲ್ಲಿ ಗೂಟ ಹೊಡೆಯಿರಿ. ಆಮೇಲೆ ಪ್ರತಿ 8 ಮೀಟರನ್ನು ಮೂರು ಪಾಲು ಮಾಡಬೇಕು. ಅಂದಾಜಿನ ಕೋಲೊಂದನ್ನು ಮೂರು ಸಲ ಇಟ್ಟು ನೋಡಿ, 15 ಸೆಂ.ಮೀ. ಉಳಿದರೆ ಅದರ ಮೂರನೇ ಒಂದು ಭಾಗ, 5 ಸೆಂ.ಮೀ., ಅಳತೆಗೆ ಸೇರಿಸಿ. ಮೀರಿದರೆ ಅದೇ ರೀತಿ ಕಳೆಯಿರಿ. ಇಲ್ಲಿ ಆಗುವ ತಪ್ಪು ಆ 8 ಮೀಟರಿನೊಳಗೇ ಉಳಿಯುತ್ತದೆ, ಮುಂದಕ್ಕೆ ಸಾಗುವುದಿಲ್ಲ. ನೂಲಿನ ಹಗ್ಗ ನೆನೆದರೆ ಕುಗ್ಗುವುದರಿಂದ ಒಣಗಿದ್ದಾಗಲೇ ಅಳೆಯಬೇಕು.

24 ಪಟ್ಟಿಗೆ ಗೂಟ 25 ಬೇಕೆಂಬುದು ನೆನಪಿರಲಿ. ಹೊಲದ ಇನ್ನೊಂದು ತುದಿಯಲ್ಲೂ ಹೀಗೆಯೇ ಗೂಟ ಹೊಡೆದು, ತೊಗರಿಯನ್ನು ಪ್ರತಿ ಪಟ್ಟಿಯ ಐದನೆಯ ಸಾಲಿಗೆ ಹಾಕಿ.

ಆ ತುದಿಯ ಅಗಲ 60 ಮೀಟರ್ ಮಾತ್ರ ಇದ್ದರೆ ಅಲ್ಲಿಯೂ 24 ಪಾಲು ಮಾಡಲು ಹೋಗಬೇಡಿ. ಪಟ್ಟಿ 2.5 ಮೀಟರಿಗೆ ಇಳಿದು ಸಾಲುಗಳು ಒಂದರ ಮೇಲೊಂದು ಬೀಳುತ್ತವೆ. 60 ಮೀಟರಿಗೆ ಮಾತ್ರ ಪಟ್ಟಿ ಹಾಕಿ, ಉಳಿದ ಮೂಲೆಗೆ ಗಿಡ್ಡ ಸಾಲುಗಳಲ್ಲಿ ಬರಿ ಶೇಂಗಾ ಬಿತ್ತಿಕೊಳ್ಳಿ.