ತಸ್ವೀರಿನ ಹೊರಗಿನ ಜೋಗ



ಉರ್ದುವಿನಲ್ಲಿ ಚಿತ್ರಕ್ಕೆ 'ತಸ್ವೀರ್' ಎನ್ನುತ್ತೇವೆ, ಕಲ್ಪನೆಗೆ 'ತಸವ್ವುರ್'. ಎರಡೂ ಒಂದೇ ಅರಬಿ ಧಾತುವಿನಿಂದ ಬಂದ ಪದಗಳು. ಇಂದು ನಮ್ಮ ಮಕ್ಕಳ ಕಲ್ಪನೆಯನ್ನು ರೂಪಿಸುತ್ತಿರುವುದು ಮೊಬೈಲಿನ ಚಿತ್ರಗಳೇ.

ಒಂದು ಫೆಬ್ರವರಿಯಲ್ಲಿ ಮಕ್ಕಳನ್ನು ಜೋಗಕ್ಕೆ ಕರೆದೊಯ್ದಿದ್ದೆವು. ಬಂಡೆಯ ಮೇಲೆ ತೆಳ್ಳಗೆ ಇಳಿಯುತ್ತಿದ್ದ ನೀರನ್ನು ನೋಡಿ ಒಬ್ಬ ಹುಡುಗಿ, "ಸರ್, ಇದೇನಾ ಜೋಗ?" ಎಂದು ಕೇಳಿದಳು. ಅವಳು ಇನ್‌ಸ್ಟಾಗ್ರಾಮಿನಲ್ಲಿ ಕಂಡಿದ್ದು ಮಳೆಗಾಲದ ಜೋಗ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ತುಂಬಿ 253 ಮೀಟರ್ ಧುಮುಕುವ ದೃಶ್ಯ. ಆ ಚಿತ್ರ ಸುಳ್ಳಲ್ಲ, ಆದರೆ ಪೂರ್ಣ ಸತ್ಯವೂ ಅಲ್ಲ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಶರಾವತಿಯ ನೀರನ್ನು ಮೇಲೆಯೇ ತಡೆದು ವಿದ್ಯುತ್ತಿಗೆ ಒದಗಿಸುತ್ತದೆ. ಅದಕ್ಕಾಗಿ ಹಳ್ಳಿಗಳು ಮುಳುಗಿದವು, ಕುಟುಂಬಗಳು ನೆಲ ಬಿಟ್ಟು ಹೊರಟವು. ಪ್ರವಾಸಿಗರ ಯಾವ ಸೆಲ್ಫಿಯಲ್ಲೂ ಇವರು ಕಾಣುವುದಿಲ್ಲ.

ಚಿತ್ರ ನೋಡಿ ಹೊರಟವರು ಅದೇ ಜಾಗ, ಅದೇ ಭಂಗಿಯನ್ನು ಹುಡುಕುತ್ತಾರೆ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನಸಂದಣಿ ಎಷ್ಟಾಯಿತೆಂದರೆ, ಆನ್‌ಲೈನ್ ಬುಕಿಂಗ್ ಇಲ್ಲದೆ ಚಾರಣಕ್ಕೆ ಬಿಡುವುದಿಲ್ಲವೆಂದು ಸರ್ಕಾರ ಹೇಳಬೇಕಾಯಿತು. 2023ರ ಜುಲೈನಲ್ಲಿ ಕೊಲ್ಲೂರಿನ ಬಳಿಯ ಅರಸಿನಗುಂಡಿ ಜಲಪಾತದಲ್ಲಿ ಬಂಡೆಯಂಚಿನಲ್ಲಿ ನಿಂತಿದ್ದ ಯುವಕನೊಬ್ಬ ಕಾಲು ಜಾರಿ ಬಿದ್ದು ಪ್ರಾಣ ಕಳೆದುಕೊಂಡ. ಜೊತೆಗಿದ್ದ ಗೆಳೆಯ ಆಗ ವಿಡಿಯೋ ಮಾಡುತ್ತಿದ್ದ.

ಬೇರೆಯವರ ಮಾತೇಕೆ? ಜೋಗದಲ್ಲಿ ಅಂದು "ಹಿಂದೆ ನೀರು ಕಾಣಲಿ, ಸ್ವಲ್ಪ ಹಿಂದೆ ಸರಿಯಪ್ಪಾ" ಎಂದು ಒಬ್ಬ ಹುಡುಗನಿಗೆ ಹೇಳಿದವನು ನಾನೇ. ಅವನ ಬೆನ್ನು ಕಂಬಿಗೆ ತಾಗಿದಾಗ ನನ್ನ ಎದೆ ಧಸಕ್ಕೆಂದಿತು. ಮೊಬೈಲನ್ನು ಜೇಬಿಗೆ ಹಾಕಿ ಅವನ ಕೈ ಹಿಡಿದು ಈಚೆಗೆ ಎಳೆದುಕೊಂಡೆ. ಪಾಠ ಹೇಳಬೇಕಾದವನು ಪಾಠ ಕಲಿತೆ.

ಅದೇ ಸಂಜೆ ಪೋಷಕರ ಗುಂಪಿಗೆ ಕಳಿಸಿದ ಚಿತ್ರದಲ್ಲಿ, ನೆಲದ ಮೇಲಿದ್ದ ಪ್ಲಾಸ್ಟಿಕ್ ಬಾಟಲಿಗಳನ್ನು ಕತ್ತರಿಸಿ ತೆಗೆದಿದ್ದೆ. "ಎಷ್ಟು ಸ್ವಚ್ಛ ಜಾಗ!" ಎಂದು ಒಬ್ಬರು ಮೆಚ್ಚಿದರು. ಆ ಮೆಚ್ಚುಗೆ ಇಂದಿಗೂ ನನ್ನನ್ನು ಚುಚ್ಚುತ್ತದೆ.

ಆದ್ದರಿಂದ ನಿಮ್ಮಲ್ಲಿ ನನ್ನದು ಮೂರೇ ವಿನಂತಿ. ಚಿತ್ರ ಹಾಕುವಾಗ ಯಾವ ತಿಂಗಳಿನದೆಂದು ಬರೆಯಿರಿ. ಅಪಾಯದ ಜಾಗದ ಚಿತ್ರವಾದರೆ ಹಾಕಲೇಬೇಡಿ. ಹೋದ ಕಡೆ ಮೊದಲ ಹತ್ತು ನಿಮಿಷ ಮೊಬೈಲ್ ಜೇಬಿನಲ್ಲೇ ಇರಲಿ. ಕಣ್ಣು ನೋಡಲಿ, ಕಿವಿ ಕೇಳಲಿ, ಆ ಊರಿನವರೊಡನೆ ನಾಲ್ಕು ಮಾತಾಡಿ. ಮನೆಗೆ ಮರಳಿ ಹೇಳಲು ಆಗ ನಿಮ್ಮದೇ ಮಾತಿರುತ್ತದೆ.