ಹಲ್ಲಿನ ತೊಂದರೆಯೂ ಟ್ರಂಪೆಟ್ಟಿನ ಮೌತ್‌ಪೀಸೂ

(ಶತಮಾನೋತ್ಸವದ ಅಂಗವಾಗಿ ನಡೆದ ಬ್ಯಾಂಡ್ ವಾದಕರ ಕೂಟದಲ್ಲಿ ವಿಚಾರಣಾ ಗುರುಗಳು ನೀಡಿದ ಉಪನ್ಯಾಸ)



ಒಂದು ದೇವಾಲಯದ ನೂರು ವರ್ಷಗಳ ಚರಿತ್ರೆಯನ್ನು ಬರೆಯುವವರು ಕಟ್ಟಡದ ಅಡಿಗಲ್ಲನ್ನು, ಗಂಟೆಗೋಪುರವನ್ನು, ಸೇವೆ ಸಲ್ಲಿಸಿದ ಗುರುಗಳ ಪಟ್ಟಿಯನ್ನು ಮರೆಯುವುದಿಲ್ಲ. ಆದರೆ ವರ್ಷ ವರ್ಷವೂ ತೇರಿನ ಮುಂದೆ ಬಿಸಿಲಿನಲ್ಲಿ ನಡೆದವರ, ಮದುವೆಯ ಮನೆಯಲ್ಲಿ ನಕ್ಕವರೊಡನೆ ನಕ್ಕು ಶವಯಾತ್ರೆಯಲ್ಲಿ ಅತ್ತವರೊಡನೆ ಅತ್ತ ವಾದ್ಯಗಾರರ ಹೆಸರು ಅಂತಹ ಪುಟಗಳಲ್ಲಿ ದೊರೆಯುವುದು ಅಪರೂಪ. ಈ ಕೂಟದಲ್ಲಾದರೂ ಅವರಿಗೆ ಪ್ರಯೋಜನವಾಗುವ ಒಂದು ವಿಷಯವನ್ನು ಕುರಿತು ಮಾತನಾಡುವುದು ಉಚಿತವೆಂದು ನನಗೆ ತೋರಿತು. ಆದುದರಿಂದ ಸಂಗೀತದ ಮಹಿಮೆಯನ್ನು ಹೊಗಳುವ ಮಾತುಗಳನ್ನು ಬದಿಗಿಟ್ಟು, ಟ್ರಂಪೆಟ್ ಊದುವವನ ಹಲ್ಲು ಕೆಟ್ಟಾಗ ಅವನು ಎಂತಹ ಮೌತ್‌ಪೀಸನ್ನು ಆರಿಸಿಕೊಳ್ಳಬೇಕೆಂಬುದನ್ನು ವಿಚಾರಿಸೋಣ.

ವಿಷಯ ಚಿಕ್ಕದೆಂದು ಕೆಲವರಿಗೆ ಅನ್ನಿಸಬಹುದು. ದರ್ಜಿಗೆ ಕಣ್ಣು ಹೇಗೋ ಟ್ರಂಪೆಟ್ ಊದುವವನಿಗೆ ಮುಂಬದಿಯ ಹಲ್ಲು ಹಾಗೆ. ಇಲ್ಲಿರುವ ಅನೇಕರಿಗೆ ಬ್ಯಾಂಡು ಬರಿಯ ಹವ್ಯಾಸವಲ್ಲ. ಮದುವೆಯ ತಿಂಗಳುಗಳಲ್ಲಿ ಅದು ಮಕ್ಕಳ ಶಾಲೆಯ ಫೀಜು, ಮನೆಯ ಅಕ್ಕಿ. ಐವತ್ತರ ಹತ್ತಿರದಲ್ಲಿ ಎರಡು ಹಲ್ಲು ಅಲುಗಾಡಿದರೆ ಸ್ವರ ಜಾರುತ್ತದೆ, ತುಟಿ ಸೋಲುತ್ತದೆ. ವಾದಕನು ಯಾರಿಗೂ ಹೇಳದೆ ವಾದ್ಯವನ್ನು ಪೆಟ್ಟಿಗೆಗೆ ಸೇರಿಸುತ್ತಾನೆ. ಉಳಿದವರು ‘ವಯಸ್ಸಾಯಿತು’ ಎನ್ನುತ್ತಾರೆ. ಅವನ ಮೌನಕ್ಕೆ ಅನೇಕ ವೇಳೆ ವಯಸ್ಸು ಕಾರಣವಲ್ಲ, ಹಲ್ಲು ಕಾರಣ ಎಂಬುದನ್ನು ನಾವು ಗುರುತಿಸಬೇಕು. ನಾನು ದಂತವೈದ್ಯನಲ್ಲ, ವಾದ್ಯ ಮಾರುವವನೂ ಅಲ್ಲ. ತಿಳಿದವರಿಂದ ಕೇಳಿ, ಓದಿ ಅರಿತುಕೊಂಡುದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಹಲ್ಲಿಗೂ ನಾದಕ್ಕೂ ಇರುವ ಸಂಬಂಧವನ್ನು ನೋಡೋಣ. ಟ್ರಂಪೆಟ್ಟಿನಲ್ಲಿ ನಾದವನ್ನು ಹುಟ್ಟಿಸುವುದು ಕೊಳವೆಯಲ್ಲ, ತುಟಿ. ಮೌತ್‌ಪೀಸಿನ ಬಟ್ಟಲಿನೊಳಗೆ ತುಟಿಗಳು ಉಸಿರಿನ ಬಲದಿಂದ ಕಂಪಿಸುತ್ತವೆ. ಕೊಳವೆ ಆ ಕಂಪನವನ್ನು ಹಿಡಿದು ಬೆಳೆಸುತ್ತದೆ. ತುಟಿ ತಾನಾಗಿ ನಿಲ್ಲಲಾರದು. ಅದರ ಹಿಂದೆ ಮೇಲಿನ ಮತ್ತು ಕೆಳಗಿನ ಬಾಚಿಹಲ್ಲುಗಳು ಆಸರೆಯಾಗಿ ನಿಂತಿರುತ್ತವೆ. ಕಮ್ಮಾರನ ಸುತ್ತಿಗೆಗೂ ಅಡಿಗಲ್ಲಿಗೂ ನಡುವೆ ಕಬ್ಬಿಣವಿರುವಂತೆ, ಹಿತ್ತಾಳೆಯ ಅಂಚಿಗೂ ಹಲ್ಲಿಗೂ ನಡುವೆ ನಮ್ಮ ತುಟಿ ಸಿಕ್ಕಿಕೊಂಡಿರುತ್ತದೆ. ಅಡಿಗಲ್ಲು ಓರೆಯಾದರೆ ಅಥವಾ ಅಲುಗಿದರೆ ಪೆಟ್ಟು ತುಟಿಗೆ. ಅಮೆರಿಕದ ಲೂಯಿ ಆರ್ಮ್‌ಸ್ಟ್ರಾಂಗ್ ಅವರು (1901–1971) ಎತ್ತರದ ಸ್ವರಗಳಿಗಾಗಿ ತುಟಿಯನ್ನು ಜಜ್ಜಿಕೊಂಡು ಜೀವನವಿಡೀ ನರಳಿದರು. ತುಟಿಯ ಸುತ್ತಲಿನ ಸ್ನಾಯು ಹರಿಯುವ ತೊಂದರೆಗೆ 1982ರಲ್ಲಿ ಒಬ್ಬ ಶಸ್ತ್ರವೈದ್ಯರು ಅವರ ಅಡ್ಡಹೆಸರಾದ ‘ಸ್ಯಾಚ್ಮೊ’ ಎಂಬುದನ್ನೇ ಇಟ್ಟರು. ಒತ್ತಡವು ಎಂತಹ ಶತ್ರುವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಇನ್ನು ಮೌತ್‌ಪೀಸಿನ ಅಂಗಗಳು. ತುಟಿಗೆ ತಾಗುವ ಉಂಗುರದಂತಹ ಭಾಗ ಅಂಚು. ಅದರೊಳಗೆ ಬಟ್ಟಲು. ಬಟ್ಟಲಿನ ತಳದಲ್ಲಿ ಕಿರಿದಾದ ಕಂಠ. ಕಂಠದಿಂದ ಮುಂದೆ ಅಗಲವಾಗುತ್ತ ಸಾಗುವ ಕೊಳವೆ. ನಾದದ ಬಣ್ಣವನ್ನು ಬಹುಮಟ್ಟಿಗೆ ನಿರ್ಧರಿಸುವುದು ಬಟ್ಟಲು ಮತ್ತು ಅದರಾಚೆಯ ಭಾಗಗಳು. ಹಲ್ಲಿಗೆ ನೇರವಾಗಿ ಸಂಬಂಧಿಸಿದುದು ಅಂಚು. ಆದುದರಿಂದ ಹಲ್ಲಿನ ಕಾರಣಕ್ಕಾಗಿ ಮೌತ್‌ಪೀಸನ್ನು ಬದಲಾಯಿಸುವವನು ಬಟ್ಟಲನ್ನು ಹಾಗೆಯೇ ಉಳಿಸಿಕೊಂಡು ಅಂಚನ್ನು ಮಾತ್ರ ಬದಲಾಯಿಸುವುದು ಜಾಣತನ. ತಿರುಪಿನಿಂದ ಕಳಚಿ ಬೇರೆ ಅಂಚನ್ನು ಜೋಡಿಸಬಹುದಾದ ಮೌತ್‌ಪೀಸುಗಳೂ ಉಂಟು.

ಅಂಚಿನಲ್ಲಿ ಮೂರು ಗುಣಗಳನ್ನು ನೋಡಬೇಕು. ಒಂದು, ಒಳವ್ಯಾಸ. ಎರಡು, ಅಂಚಿನ ಅಗಲ. ಅಗಲವಾದ ಅಂಚು ಒತ್ತಡವನ್ನು ಹೆಚ್ಚು ಜಾಗಕ್ಕೆ ಹಂಚುತ್ತದೆ; ನೋಯುವ ಹಲ್ಲಿಗೆ, ಓರೆಕೋರೆಯ ಹಲ್ಲಿಗೆ ಅದು ಹಿತ. ಆದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ತುಟಿಯ ಚಪಲತೆ ಸ್ವಲ್ಪ ಕುಗ್ಗುತ್ತದೆ. ಕಿರಿದಾದ ಅಂಚು ತುಟಿಗೆ ಸ್ವಾತಂತ್ರ್ಯ ಕೊಡುತ್ತದೆ, ಆದರೆ ಕತ್ತರಿಸುತ್ತದೆ. ಮೂರು, ಒಳಬದಿಯ ಮೊನೆ. ಮೊನೆ ಹರಿತವಾಗಿದ್ದರೆ ಸ್ವರದ ಆರಂಭ ಸ್ಫುಟ. ದುಂಡಾಗಿದ್ದರೆ ತುಟಿಗೆ ಸುಖ, ಸ್ಫುಟತೆ ಒಂದಿಷ್ಟು ಕಡಿಮೆ.

ಅಂಗಡಿಯಲ್ಲಿ ಕಾಣುವ ಸಂಖ್ಯೆಗಳು ಅನೇಕರನ್ನು ದಾರಿತಪ್ಪಿಸುತ್ತವೆ. ಆಸ್ಟ್ರಿಯದಲ್ಲಿ 1890ರಲ್ಲಿ ಹುಟ್ಟಿದ ವಿನ್ಸೆಂಟ್ ಬಾಕ್ ಎಂಬ ಟ್ರಂಪೆಟ್ ವಾದಕರು 1918ರಲ್ಲಿ ನ್ಯೂಯಾರ್ಕಿನಲ್ಲಿ ಮೌತ್‌ಪೀಸುಗಳನ್ನು ತಯಾರಿಸತೊಡಗಿದರು. ಅವರ ಪದ್ಧತಿಯಲ್ಲಿ ಸಂಖ್ಯೆ ಚಿಕ್ಕದಾದಷ್ಟೂ ವ್ಯಾಸ ದೊಡ್ಡದು: 7ಸಿ ಸುಮಾರು 16.2 ಮಿಲಿಮೀಟರ್, 3ಸಿ 16.3, 1½ಸಿ 17. ಅಕ್ಷರವು ಬಟ್ಟಲಿನ ಆಳವನ್ನು ಹೇಳುತ್ತದೆ. ‘ಎ’ ಅತಿ ಆಳ, ‘ಸಿ’ ಮಧ್ಯಮ, ‘ಇ’ ಆಳವಿಲ್ಲದ್ದು. ಯಮಾಹಾ ಪದ್ಧತಿಯಲ್ಲಿ ಎಲ್ಲವೂ ತಿರುಗುಮುರುಗು: ಸಂಖ್ಯೆ ಹೆಚ್ಚಿದಂತೆ ವ್ಯಾಸ ಹೆಚ್ಚು, ‘ಎ’ ಎಂದರೆ ಆಳವಿಲ್ಲದ್ದು. ಇದನ್ನರಿಯದೆ ಅಂಚೆಯಲ್ಲಿ ತರಿಸಿಕೊಂಡವನಿಗೆ ಬೇಕಾದುದರ ವಿರುದ್ಧವೇ ಬಂದೀತು. ಇನ್ನೊಂದು ಮಾತು. ಮೇಲೆ ಹೇಳಿದ ಅತಿ ಚಿಕ್ಕದಕ್ಕೂ ಅತಿ ದೊಡ್ಡದಕ್ಕೂ ನಡುವಿನ ಅಂತರ ಒಂದು ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಆದರೂ ತುಟಿ ಅದನ್ನು ಕೂಡಲೇ ಗುರುತಿಸುತ್ತದೆ. ಹಾಗಾದರೆ ಹಲ್ಲಿಗೆ ತೊಡಿಸಿದ ಒಂದು ಕ್ಯಾಪು ಕೂದಲೆಳೆಯಷ್ಟು ದಪ್ಪವಾದರೂ ಊದುವವನಿಗೆ ಅದು ಹೊಸ ಬಾಯಿಯೇ ಸರಿ.

ಈಗ ಒಂದೊಂದು ತೊಂದರೆಯನ್ನಾಗಿ ತೆಗೆದುಕೊಳ್ಳೋಣ.

ಮೊದಲನೆಯದು ಉಬ್ಬಿದ ಅಥವಾ ಓರೆಯಾದ ಹಲ್ಲು. ಅಂಚು ಆ ಹಲ್ಲಿನ ಮೊನೆಯ ಮೇಲೆಯೇ ಕುಳಿತರೆ ತುಟಿಯ ಒಳಬದಿ ಗಾಯವಾಗುತ್ತದೆ. ವ್ಯಾಸವನ್ನು ತುಸು ಹಿಗ್ಗಿಸಿದರೆ ಅಂಚು ಆ ಮೊನೆಯನ್ನು ದಾಟಿ ಪಕ್ಕದ ಸಮತಟ್ಟಾದ ಹಲ್ಲಿನ ಮೇಲೆ ನಿಲ್ಲಬಹುದು. ಕೆಲವರಿಗೆ ಕುಗ್ಗಿಸಿದರೆ ಅನುಕೂಲ. ಮೌತ್‌ಪೀಸನ್ನು ನಟ್ಟನಡುವೆಯೇ ಇಡಬೇಕೆಂಬ ಹಟ ಬೇಡ. ಒಂದಿಷ್ಟು ಎಡಕ್ಕೋ ಬಲಕ್ಕೋ ಇಟ್ಟು ಸೊಗಸಾಗಿ ಊದುವ ವಾದಕರು ಎಷ್ಟೋ ಮಂದಿ ಇದ್ದಾರೆ. ಬ್ಯಾಂಡ್ ಮಾಸ್ಟರರು ಹುಡುಗನ ಬಾಯಿಯನ್ನು ನೋಡಬೇಕು, ಅಳತೆಪಟ್ಟಿಯನ್ನಲ್ಲ.

ಎರಡನೆಯದು ಕ್ಲಿಪ್ಪು. ಇಂದು ಅನೇಕ ಹುಡುಗ ಹುಡುಗಿಯರಿಗೆ ಹಲ್ಲು ನೇರವಾಗಲೆಂದು ತಂತಿಯ ಕ್ಲಿಪ್ಪು ಹಾಕಿಸುತ್ತಾರೆ. ಅವರಿಗೆ ಅಗಲವಾದ, ದುಂಡು ಮೊನೆಯ ಅಂಚು ಒಳ್ಳೆಯದು. ದಂತವೈದ್ಯರು ಕೊಡುವ ಮೇಣವನ್ನು ತಂತಿಯ ಮೇಲೆ ಒತ್ತಿಕೊಂಡರೆ ತುಟಿ ಉಳಿಯುತ್ತದೆ. ಹತ್ತು ನಿಮಿಷ ಊದಿ ವಿಶ್ರಮಿಸಲಿ. ಎತ್ತರದ ಸ್ವರಗಳು ಕೆಲವು ತಿಂಗಳು ದೂರವಾದರೆ ಗದರಿಸಬೇಡಿರಿ. ಎರಡನೆಯ ಅಥವಾ ಮೂರನೆಯ ಸ್ಥಾನದ ಸ್ವರಗಳನ್ನು ಕೊಡಿರಿ. ಕ್ಲಿಪ್ಪು ತೆಗೆದ ದಿನ ಮತ್ತೊಮ್ಮೆ ಬಾಯಿ ಹೊಸದಾಗುತ್ತದೆಂಬುದನ್ನು ಅವರಿಗೆ ಮುಂಚೆಯೇ ತಿಳಿಸಿರಿ.

ಮೂರನೆಯದು ಅಲುಗಾಡುವ ಹಲ್ಲು. ಇಲ್ಲಿ ಸ್ಪಷ್ಟವಾಗಿ ಹೇಳಬೇಕಾದ ಮಾತು: ಯಾವ ಮೌತ್‌ಪೀಸೂ ಇದಕ್ಕೆ ಔಷಧವಲ್ಲ. ಒಸಡಿನಿಂದ ರಕ್ತ ಬರುವುದು, ಹಲ್ಲುಗಳ ನಡುವೆ ಸಂದು ತೆರೆಯುವುದು, ಹಲ್ಲು ಉದ್ದವಾದಂತೆ ತೋರುವುದು, ಇವು ಒಸಡಿನ ರೋಗದ ಲಕ್ಷಣಗಳು. ಸಕ್ಕರೆ ಕಾಯಿಲೆಯುಳ್ಳವರಿಗೂ ಹೊಗೆಸೊಪ್ಪು ಬಳಸುವವರಿಗೂ ಇದರ ಅಪಾಯ ಹೆಚ್ಚು. ಮೆರವಣಿಗೆಗೂ ಮೆರವಣಿಗೆಗೂ ನಡುವೆ ಎಲೆಯಡಿಕೆ ಹಾಕಿಕೊಳ್ಳುವುದು ನಮ್ಮ ವಾದ್ಯಗಾರರಲ್ಲಿ ಹಳೆಯ ರೂಢಿ. ಅಡಿಕೆಯ ಸತತ ಜಗಿತದಿಂದ ಬಾಯಿಯ ಒಳಪದರ ಗಟ್ಟಿಯಾಗಿ, ಕೆನ್ನೆ ಬಿಗಿದು, ಬಾಯಿ ತೆರೆಯುವುದೇ ಕಷ್ಟವಾಗುವ ರೋಗವೊಂದುಂಟು; ಅದು ಮುಂದೆ ಕ್ಯಾನ್ಸರಿಗೂ ದಾರಿಯಾಗಬಲ್ಲದು. ಊದುವವನಿಗೆ ಕೆನ್ನೆ ಮತ್ತು ತುಟಿಯೇ ಬಂಡವಾಳ. ಅಡಿಕೆಯ ಸುಖಕ್ಕೆ ಆ ಬಂಡವಾಳವನ್ನು ಒತ್ತೆಯಿಡುವುದು ಯಾವ ಲೆಕ್ಕ? ಹಲ್ಲು ಅಲುಗಿದಾಗ ಅಂಗಡಿಗೆ ಹೋಗಬೇಡಿರಿ, ವೈದ್ಯರಲ್ಲಿಗೆ ಹೋಗಿರಿ.

ನಾಲ್ಕನೆಯದು ಬಿದ್ದ ಹಲ್ಲು. ಮುಂದಿನ ಹಲ್ಲೊಂದು ಇಲ್ಲವಾದರೆ ತುಟಿ ಆ ಸಂದಿಗೆ ಕುಸಿಯುತ್ತದೆ, ಗಾಳಿ ಸೋರುತ್ತದೆ. ಅಗಲವಾದ ಅಂಚು ಸಂದಿನ ಎರಡೂ ಬದಿಯ ಹಲ್ಲುಗಳ ಮೇಲೆ ಸೇತುವೆಯಂತೆ ನಿಂತು ತಾತ್ಕಾಲಿಕವಾಗಿ ನೆರವಾಗಬಹುದು. ಆದರೆ ಪಕ್ಕದ ಹಲ್ಲುಗಳು ಕ್ರಮೇಣ ಸಂದಿಗೆ ವಾಲುವುದರಿಂದ ಹಲ್ಲು ಕಟ್ಟಿಸಿಕೊಳ್ಳುವುದೇ ಸರಿಯಾದ ದಾರಿ. ಹಲ್ಲು ಕೀಳಿಸಿದ ಮೇಲೆ ವೈದ್ಯರ ಅಪ್ಪಣೆಯಿಲ್ಲದೆ ಊದಬಾರದು. ಅದರಲ್ಲಿಯೂ ಮೇಲಿನ ದವಡೆ ಹಲ್ಲಿನ ಬೇರು ಮೂಗಿನ ಪಕ್ಕದ ಎಲುಬಿನ ಪೊಳ್ಳಿಗೆ ಹತ್ತಿರವಿರುತ್ತದೆ. ಮಾಯುವ ಮುನ್ನ ಬಲವಾಗಿ ಊದಿದರೆ ಅಲ್ಲಿ ದ್ವಾರ ಬೀಳುವ ಭಯವಿದೆ. ಹಬ್ಬದ ವಾರದಲ್ಲಿ ಹಲ್ಲು ಕೀಳಿಸಿಕೊಂಡು ಹಬ್ಬದ ದಿನ ಊದುತ್ತೇನೆನ್ನುವ ಸಾಹಸ ಸಲ್ಲದು.

ಐದನೆಯದು ಪೂರ್ಣ ಹಲ್ಲುಸೆಟ್ಟು. ಮೇಲಿನ ಸೆಟ್ಟು ಅಂಗುಳಿಗೆ ಅಂಟಿಕೊಂಡು ನಿಲ್ಲುತ್ತದೆ. ಮುಂಬದಿಯಲ್ಲಿ ಮೌತ್‌ಪೀಸು ಒತ್ತಿದಾಗ ಹಿಂಬದಿ ಕಳಚಿ ಕೆಳಗಿಳಿಯುತ್ತದೆ. ಆದುದರಿಂದ ಇವರಿಗೆ ಅಗಲವಾದ ಅಂಚಿಗಿಂತಲೂ ಮುಖ್ಯವಾದುದು ಕಡಿಮೆ ಒತ್ತಡ. ಭಾರವನ್ನು ಹೆಚ್ಚಾಗಿ ಕೆಳದುಟಿಯ ಮೇಲೆ ಇರಿಸುವ ಅಭ್ಯಾಸ. ಸೆಟ್ಟನ್ನು ಹಿಡಿದಿಡುವ ಅಂಟಿನ ಪುಡಿ. ಅನುಕೂಲವಿದ್ದವರಿಗೆ ಎಲುಬಿನಲ್ಲಿ ಕೂರಿಸುವ ಇಂಪ್ಲಾಂಟ್. ಇದು ಅಸಾಧ್ಯವಲ್ಲ. ಅಮೆರಿಕದ ಜಾಝ್ ವಾದಕ ಚೆಟ್ ಬೇಕರ್ ಅವರು 1966ರಲ್ಲಿ ಹಲ್ಲೆಗೊಳಗಾಗಿ ಬಾಯಿಗೆ ಪೆಟ್ಟು ತಿಂದರು; ಕಡೆಗೆ ಮೇಲಿನ ಹಲ್ಲುಗಳನ್ನೇ ತೆಗೆಸಬೇಕಾಯಿತು. ಕಟ್ಟಿಸಿದ ಹಲ್ಲಿನೊಡನೆ ಅವರು ಮೊದಲಿನಿಂದ ಊದಲು ಕಲಿತು, 1970ರ ದಶಕದಲ್ಲಿ ಮತ್ತೆ ವೇದಿಕೆಗೆ ಬಂದು, 1988ರಲ್ಲಿ ತೀರಿಕೊಳ್ಳುವವರೆಗೂ ನುಡಿಸಿದರು. ಅವರ ಬಾಳಿನಲ್ಲಿ ಅನುಸರಿಸಬಾರದ ಸಂಗತಿಗಳು ಅನೇಕ. ಅವರ ಈ ಛಲ ಮಾತ್ರ ಅನುಸರಣೀಯ.

ಎಲ್ಲರೂ ಇಂದೇ ಮಾಡಬಹುದಾದ ಒಂದು ಕೆಲಸವಿದೆ. ನಿಮ್ಮ ಹಲ್ಲು ಚೆನ್ನಾಗಿರುವಾಗಲೇ ದಂತವೈದ್ಯರಲ್ಲಿ ಅದರ ಪ್ಲಾಸ್ಟರ್ ಅಚ್ಚನ್ನು ತೆಗೆಸಿ ಜೋಪಾನವಾಗಿಡಿರಿ. ನಾಳೆ ಹಲ್ಲು ಮುರಿದರೆ ಆ ಅಚ್ಚನ್ನು ನೋಡಿ ಅದೇ ಆಕಾರದ, ಅದೇ ದಪ್ಪದ ಹಲ್ಲನ್ನು ಕಟ್ಟಬಹುದು. ವೈದ್ಯರಲ್ಲಿಗೆ ಹೋಗುವಾಗ ವಾದ್ಯವನ್ನೂ ಕೊಂಡೊಯ್ಯಿರಿ, ಊದಿ ತೋರಿಸಿರಿ. ನೀವು ವಾದಕರೆಂದು ಹೇಳದಿದ್ದರೆ ಅವರು ಅಗಿಯುವುದಕ್ಕೂ ನಗುವುದಕ್ಕೂ ಹಲ್ಲು ಕಟ್ಟುವರು, ಊದುವುದಕ್ಕಲ್ಲ.

ಹೊಸ ಮೌತ್‌ಪೀಸನ್ನು ಪರೀಕ್ಷಿಸುವ ಕ್ರಮ ಹೀಗಿರಲಿ. ಹಳೆಯದನ್ನು ಪಕ್ಕದಲ್ಲಿಟ್ಟುಕೊಂಡು ಎರಡು ಮೂರನ್ನು ಮಾತ್ರ ಹೋಲಿಸಿರಿ. ಮೊದಲು ತಗ್ಗಿನ ಸ್ವರಗಳನ್ನು ಮೆಲ್ಲಗೆ, ದೀರ್ಘವಾಗಿ ಹಿಡಿಯಿರಿ. ಎತ್ತರದ ಸ್ವರ ಬಂತೆಂದು ಮರುಳಾಗಬೇಡಿರಿ. ಇಪ್ಪತ್ತು ನಿಮಿಷಗಳ ನಂತರ ಕನ್ನಡಿಯಲ್ಲಿ ತುಟಿಯ ಗುರುತನ್ನು ನೋಡಿರಿ. ಒಂದೇ ಕಡೆ ಆಳವಾಗಿ ಬಿದ್ದಿದ್ದರೆ ಅಲ್ಲಿ ಹಲ್ಲಿನ ಮೊನೆಯಿದೆ ಎಂದರ್ಥ. ಆರಿಸಿಕೊಂಡ ಮೇಲೆ ಎರಡು ಮೂರು ವಾರಗಳಾದರೂ ಅದರಲ್ಲಿಯೇ ನಿಲ್ಲಿರಿ. ಬೆಳ್ಳಿಯ ಲೇಪ ಸವೆದು ಹಿತ್ತಾಳೆ ಕಾಣುತ್ತಿದ್ದರೆ ಮತ್ತೆ ಲೇಪ ಹಾಕಿಸಿರಿ. ಬರಿಯ ಹಿತ್ತಾಳೆ ತುಟಿಯನ್ನು ಕೆರಳಿಸುತ್ತದೆ. ಒಬ್ಬರ ಮೌತ್‌ಪೀಸನ್ನು ಇನ್ನೊಬ್ಬರು ತೊಳೆಯದೆ ಬಳಸಬಾರದೆಂಬುದನ್ನು ಹೇಳಲೇಬೇಕಿಲ್ಲ.

ಇಷ್ಟಾದರೂ ಟ್ರಂಪೆಟ್ ಒಗ್ಗದಿದ್ದರೆ? ಟ್ರೊಂಬೋನು, ಯೂಫೋನಿಯಂ, ಟ್ಯೂಬಾಗಳ ಮೌತ್‌ಪೀಸು ದೊಡ್ಡದು. ಟ್ರೊಂಬೋನಿನ ಒಳವ್ಯಾಸ ಸುಮಾರು 25 ಮಿಲಿಮೀಟರ್, ಟ್ಯೂಬಾದ್ದು ಸುಮಾರು 32. ಅಲ್ಲಿ ಒತ್ತಡ ಹೆಚ್ಚು ಜಾಗಕ್ಕೆ ಹರಡುತ್ತದೆ, ಅತಿ ಎತ್ತರದ ಸ್ವರಗಳ ಕಾಟವೂ ಇಲ್ಲ. ವಾದ್ಯ ಬದಲಾಯಿಸುವುದು ಸೋಲಲ್ಲ.

‘ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ’ ಎಂಬುದು ನಮ್ಮ ಹಿರಿಯರ ಗಾದೆ. ಹಲ್ಲು ಗಟ್ಟಿಯಿರುವ ಎಳೆಯರಿಗೆ ವಿದ್ಯೆ ಇನ್ನೂ ಬಂದಿಲ್ಲ. ನೂರಾರು ರಾಗಗಳನ್ನು ಬಾಯಿಪಾಠವಾಗಿ ಬಲ್ಲ ಹಿರಿಯರಿಗೆ ಹಲ್ಲಿಲ್ಲ. ಅವರು ವಾದ್ಯವನ್ನು ಪೆಟ್ಟಿಗೆಗೆ ಸೇರಿಸಿದ ದಿನ, ಎಲ್ಲಿಯೂ ಬರೆದಿಡದ ಆ ರಾಗಗಳೂ ಪೆಟ್ಟಿಗೆಗೆ ಸೇರುತ್ತವೆ. ಆದುದರಿಂದ ಬ್ಯಾಂಡಿನ ಹಿರಿಯರಲ್ಲಿ ನನ್ನ ಬಿನ್ನಹ ಎರಡು. ಬ್ಯಾಂಡಿನ ಆದಾಯದಲ್ಲಿ ಒಂದು ಪಾಲನ್ನು ವಾದಕರ ಹಲ್ಲಿನ ಚಿಕಿತ್ಸೆಗೆಂದು ಪ್ರತ್ಯೇಕವಾಗಿಡಿರಿ. ಸಮವಸ್ತ್ರಕ್ಕೆ ಹಣ ಕೂಡಿಸುವ ನಾವು ಅದನ್ನು ತೊಟ್ಟವನ ಬಾಯಿಗೂ ಕೂಡಿಸಬಲ್ಲೆವು. ಎರಡನೆಯದಾಗಿ, ಹಲ್ಲಿನ ತೊಂದರೆಯಿಂದ ಹಿಂದೆ ಸರಿದ ಹಿರಿಯ ವಾದಕರ ಮನೆಗೆ ಹೋಗಿ ಕೇಳಿರಿ. ಒಂದು ಅಚ್ಚು, ಒಂದು ಸೆಟ್ಟು, ಒಂದು ಬೇರೆ ಅಂಚಿನ ಮೌತ್‌ಪೀಸು, ಮೂರು ತಿಂಗಳ ತಾಳ್ಮೆ, ಇವುಗಳಿಂದ ಕೆಲವರಾದರೂ ಮರಳಿ ಬಂದಾರು. ಬರಲಾಗದವರನ್ನು ಎಳೆಯರಿಗೆ ಕಲಿಸುವ ಪೀಠದಲ್ಲಿ ಕುಳ್ಳಿರಿಸಿರಿ.

 ದೇವರು ನಿಮ್ಮ ಉಸಿರನ್ನೂ ನಿಮ್ಮ ನಾದವನ್ನೂ ಕಾಪಾಡಲಿ.